ಕೊನೆಗೆ ನೋಡಿದವನು

ಗಲ್ಲಕ್ಕೆ ಸೋಪು ಹಚ್ಚಿಕೊಂಡು ಕನ್ನಡಿಯ ಮುಂದೆ ನಿಂತಿದ್ದ ಜಿಲಾಲಿಗೆ ತನ್ನ ಬಾಯಿಯ ವಾಸನೆ ತನಗೇ ಬಡಿದು ಹೇಸಿಗೆಯಾಯಿತು. ಹಲ್ಲುಜ್ಜಿ ಇನ್ನೂ ಕಾಲು ಗಂಟೆಯಾಗಿರಲಿಲ್ಲ. ಅರವತ್ತೊಂದು ವರ್ಷದ ಬಾಯಿ ಇನ್ನು ಹೇಗಿರುತ್ತದೆ ಎಂದು ಸಮಾಧಾನ ಮಾಡಿಕೊಳ್ಳಬಹುದಿತ್ತು. ಆದರೆ ಒಂದು ತಿಂಗಳಿಂದ, ಅಂದರೆ ಊರಿನ ಶಾಲೆಯಲ್ಲಿ ಟೀಚರಾದ ಮಗಳು ಶಾಮಾ ಶಾಲೆಯಿಂದ ಬಂದವಳೇ ಚಪ್ಪಲಿಯನ್ನೂ ಬಿಚ್ಚದೆ ಫೋನು ಮುಂದೆ ಹಿಡಿದು, "ಬಾಬಾ, ನಿನ್ನ ಹಕ್ಕಿ ಜಾತಿನೇ ಇನ್ನು ಪ್ರಪಂಚದಲ್ಲಿ ಇಲ್ವಂತೆ, ದೊಡ್ಡ ದೊಡ್ಡ ವಿಜ್ಞಾನಿಗಳೆಲ್ಲ ಸೇರಿ ಬರೆದುಬಿಟ್ಟಿದಾರೆ" ಎಂದ ದಿನದಿಂದ, ಅವನಿಗೆ ಎಲ್ಲದರಲ್ಲೂ ಏನೋ ಹಳಸಿದ ವಾಸನೆ ಬರುತ್ತಿತ್ತು. ಚಹಾದ ಪುದೀನದಲ್ಲಿ, ಜೆಲ್ಲಾಬಾ ನಿಲುವಂಗಿಯ ಉಣ್ಣೆಯಲ್ಲಿ, ನಮಾಜಿಗೆ ಮುಂಚೆ ಕೈಕಾಲು ತೊಳೆದು ವುಜು ಮಾಡುವ ನೀರಿನಲ್ಲಿ. ನಿನ್ನ ಹಕ್ಕಿ ಎಂದಿದ್ದಳು ಮಗಳು. ಹೆಮ್ಮೆಯಿಂದ ಎಂದಿದ್ದಳು, ಕಣ್ಣಲ್ಲಿ ನೀರು ಬೇರೆ ಇತ್ತು. ಕೆನ್ನೆಯ ಮೇಲೆ ಕತ್ತಿ ಎಳೆಯುತ್ತ ಅವನು ಮೂಗನ್ನು ಹಿಡಿದು ಅತ್ತಿತ್ತ ತಿರುಗಿಸಿದ. ಅಂಗಳದ ಗೋಡೆಯಾಚೆಯಿಂದ ಮೆಂತ್ಯ ಬೇಯುವ ವಾಸನೆ ಬರುತ್ತಿತ್ತು. ಇದು ಕಲ್ಪನೆಯಲ್ಲ, ನಿಜವಾದ ಮೆಂತ್ಯ.

"ಶಾಮಾಳಪ್ಪಾ, ಇನ್ನೂ ಎಷ್ಟೊತ್ತು ಕೆರೀತೀಯ ಆ ಮುಖಾನ? ಮದುವೆಗಂಡಾ ನೀನು?" ಅಡುಗೆಮನೆಯಿಂದ ಹೆಂಡತಿ ಮಹ್ಜೂಬಾ ಕೂಗಿದಳು.

"ಪಕ್ಕದ್ಮನೇಲಿ ಏನು ಕುದೀತಿದೆ?"

"ಗೊತ್ತಿಲ್ವಾ? ಸೊಸೆ ಹೆತ್ತು ಮೂರನೇ ದಿನ ಇವತ್ತು. ಬಾಣಂತಿಗೆ ಹಾಲಿಳೀಲಿ ಅಂತ ಕೋಳಿ, ಮೆಂತ್ಯ ಹಾಕಿ ರ್ಫೀಸಾ ಮಾಡ್ತಿದಾರೆ. ನಮಗೂ ಒಂದು ತಟ್ಟೆ ಬರತ್ತೆ."

"ನನಗೆ ಬೇಡ."

"ನಿನಗ್ಯಾರು ಕೊಟ್ರು? ಮೂವತ್ತು ವರ್ಷದಿಂದ ಬೇಡ ಅಂತಾನೇ ಇದೀಯ. ಹೆತ್ತೋಳು ನಾನು, ವಾಕರಿಕೆ ನಿಂದು."

ಅವಳು ನಕ್ಕಳು. ಶುಕ್ರವಾರದ ಕುಸ್ಕುಸ್ ಹಬೆಗೆ ಇಟ್ಟು, ಮೊಣಕೈವರೆಗೆ ತೋಳು ಮಡಿಸಿ ನಿಂತಿದ್ದ ಅವಳ ನಗುವಿನಲ್ಲಿ ಯಾವ ವಿಷವೂ ಇರಲಿಲ್ಲ. ಅವಳಿಗೆ ಏನೂ ಗೊತ್ತಿಲ್ಲ. ಮೂವತ್ತು ವರ್ಷದ ಹಿಂದೆ, ಅವಳ ಬಾಣಂತನದ ಆ ದಿನ, ತಟ್ಟೆಯಲ್ಲಿ ಏನಿತ್ತೆಂದು ಅವಳು ಕೇಳಲಿಲ್ಲ, ಬಾಣಂತಿಯರು ಕೇಳುವುದೂ ಇಲ್ಲ. "ಕೆಸರು ಕೆಸರು ಅನ್ಸತ್ತೆ" ಎಂದು ಮಾತ್ರ ಹೇಳಿ, ಅತ್ತೆಯ ಮುಖ ನೋಡಿ, ತಟ್ಟೆ ಖಾಲಿ ಮಾಡಿದ್ದಳು. ಅವ್ವ ಮೂಳೆಗಳನ್ನು ಬೊಗಸೆಯಲ್ಲಿ ಬಳಿದು ಬೆಕ್ಕಿಗೆ ಹಾಕಿದ್ದಳು. ಅಷ್ಟು ಸಣ್ಣ ಮೂಳೆಗಳು. ಆ ಮೂಳೆಗಳ ಮೇಲೆ ಅಷ್ಟು ದೂರ ಹಾರಿ ಬರುವುದು ಹೇಗೆ ಸಾಧ್ಯ ಎಂದು ಅವನಿಗೆ ಆಗ ಅನ್ನಿಸಿರಲಿಲ್ಲ; ಆ ಯೋಚನೆ ಬಂದದ್ದು ಆಮೇಲೆ, ಹಕ್ಕಿ ಹುಡುಕಲು ಬಂದ ಡಚ್ಚಿನವ ಹೆಂಡ್ರಿಕ್ ನಕಾಶೆ ಬಿಡಿಸಿ ತೋರಿಸಿದ ಮೇಲೆ.

ಇವತ್ತು ಮಧ್ಯಾಹ್ನದ ನಮಾಜು ಮುಗಿದ ಮೇಲೆ ದೋಣಿಕಟ್ಟೆಯಲ್ಲಿ ಫಲಕ ನಿಲ್ಲಿಸುತ್ತಾರೆ. ಸರ್ಕಾರಿ ಕಚೇರಿಯವರು ಬರುತ್ತಾರೆ, ಶಾಲೆಯ ಮಕ್ಕಳು ಬರುತ್ತಾರೆ. ಫಲಕದ ಮೇಲೆ ಹಕ್ಕಿಯ ಚಿತ್ರವಿದೆ, ಕೆಳಗೆ ಎರಡು ಭಾಷೆಯಲ್ಲಿ, ಈ ಹಕ್ಕಿಯನ್ನು ನಮ್ಮ ಹಿನ್ನೀರಿನಲ್ಲಿ ಕೊನೆಗೆ ನೋಡಿದವರು ದೋಣಿಯ ಸಿ ಜಿಲಾಲಿ ಎಂದು ಬರೆದಿದೆ. ಬರೆದವಳು ಶಾಮಾ, ಹೆಸರಿನ ಮುಂದೆ ಮರ್ಯಾದೆಯ ಆ 'ಸಿ' ಸೇರಿಸಿದವಳೂ ಅವಳೇ. ಅವನು ನಿಂತು ಎರಡು ಮಾತು ಆಡಬೇಕು. ಕೊನೆಯ ಸಲ ಕಂಡಾಗ ಏನಾಯಿತು, ಅಷ್ಟೇ. ಆ ಎರಡು ಮಾತಿಗಾಗಿ ಅವನು ಒಂದು ವಾರದಿಂದ ದೋಣಿಯಲ್ಲಿ ಒಬ್ಬನೇ ಕೂತು ಬಾಯಿ ತೆರೆದಿದ್ದ, ಮುಚ್ಚಿದ್ದ. ಅವನಿಗೊಂದು ಜಂಬವಿತ್ತು, ಅದನ್ನು ಜಂಬವೆಂದೇ ಕರೆಯಬೇಕು: ಮೂವತ್ತು ವರ್ಷದಲ್ಲಿ ಈ ವಿಷಯದಲ್ಲಿ ತಾನು ಒಂದೇ ಒಂದು ಸುಳ್ಳು ಹೇಳಿಲ್ಲ ಎಂದು. ಯಾರಾದರೂ ಕೇಳಿದರೆ, "ಕೊನೆಗೆ ನೋಡಿದ್ದು ಆ ಮರಳದಿಬ್ಬದ ಹತ್ರ" ಎನ್ನುತ್ತಿದ್ದ. ನಿಜ. "ಆಮೇಲೆ ಕಾಣಲಿಲ್ಲ" ಎನ್ನುತ್ತಿದ್ದ. ಅದೂ ನಿಜ. "ನಾಳೆ ಇನ್ನೊಂದು ಬರಬಹುದು, ದೇವರಿಗೆ ಗೊತ್ತು" ಎನ್ನುತ್ತಿದ್ದ. ದೇವರಿಗೆ ಗೊತ್ತಿತ್ತಲ್ಲ. ಕಳ್ಳ ಕೂಡ ಇಷ್ಟು ಅಚ್ಚುಕಟ್ಟಾಗಿ ಇರಲಾರ ಎಂದುಕೊಂಡು ಅವನು ಮುಖದ ಸೋಪನ್ನು ಒರೆಸಿದ. ಟವೆಲಿನ ಮೇಲೆ ಒಂದು ಹನಿ ರಕ್ತವಾಯಿತು, ಗದ್ದ ಕುಯ್ದುಕೊಂಡಿದ್ದ.

ದೋಣಿಕಟ್ಟೆಗೆ ಇಳಿಯುವ ದಾರಿಯಲ್ಲಿ ಮೀನಿನ ಅಂಗಡಿಯವರು ಸಾರ್ಡೀನಿನ ತಲೆಗಳನ್ನು ಗುಡ್ಡೆ ಹಾಕಿದ್ದರು. ಹೆಂಡ್ರಿಕ್ ಆಗಲೇ ಬಂದು ನಿಂತಿದ್ದ, ಪಕ್ಕದಲ್ಲಿ ಶಾಮಾ. ಮೊದಲು ಬಂದಾಗ ಈ ಡಚ್ಚಿನವನಿಗೆ ಮೂವತ್ತೂ ಆಗಿರಲಿಲ್ಲ. ಹಕ್ಕಿ ಕಾಣೆಯಾದ ಮರು ಚಳಿಗಾಲದಿಂದ ಐದು ಚಳಿಗಾಲ ಬಂದ. ದಿನವೂ ಬೆಳಕು ಹರಿಯುವ ಮೊದಲೇ ಕಟ್ಟೆಯಲ್ಲಿ ನಿಂತಿರುತ್ತಿದ್ದ, ಕೊರಳಲ್ಲಿ ದುರ್ಬೀನು, ಮೂಗಿನ ತುದಿಯಲ್ಲಿ ಒಂದು ಹನಿ. ಈಗ ತಲೆ, ಗಡ್ಡ ಬೆಳ್ಳಗಾಗಿವೆ. ಮೂಗಿನ ಹನಿ ಮಾತ್ರ ಹಾಗೆಯೇ ಇದೆ. ಅವನು ಎರಡೂ ಕೈ ಚಾಚಿ ಜಿಲಾಲಿಯನ್ನು ತಬ್ಬಿಕೊಂಡ. ಆ ಹನಿ ತನ್ನ ಹೊಸ ಜೆಲ್ಲಾಬಾಕ್ಕೆ ತಾಗಿದ್ದು ಜಿಲಾಲಿಗೆ ಗೊತ್ತಾಯಿತು.

ಪಕ್ಕದ ದೋಣಿಯ ಅಲ್ಲಾಲ್ ಬಲೆ ಬಿಡಿಸುತ್ತಲೇ ಕೂಗಿದ: "ಏನ್ ಸಿ ಜಿಲಾಲಿ! ನಮಗೆಲ್ಲ ಸತ್ತ ಮೇಲೆ ತಲೆ ಹತ್ರ ಕಲ್ಲು ನಿಲ್ಲಿಸ್ತಾರೆ, ನಿನಗೆ ಬದುಕಿದ್ದಾಗಲೇ ನಿಲ್ಲಿಸ್ತಿದಾರಲ್ಲೋ!"

"ನಿನಗೂ ನಿಲ್ಲಿಸೋಣ. ಕೊನೆಯ ಹಾವುಮೀನು ತಿಂದೋನು ಅಂತ ಬರೀಬೇಕು."

"ಬರೀರಪ್ಪ! ನಾನೇನು ನಾಚ್ಕೊಳಲ್ಲ. ರುಚಿಯಾಗಿತ್ತು!"

ಎಲ್ಲರೂ ನಕ್ಕರು. ಜಿಲಾಲಿಯೂ ನಕ್ಕ. ನಗುತ್ತಲೇ ದೋಣಿಯ ಹಗ್ಗ ಬಿಚ್ಚಿದ.

ಫಲಕದ ಗಡಿಬಿಡಿಗೆ ಮೊದಲು, ಆ ಜಾಗವನ್ನೊಮ್ಮೆ ನೋಡಬೇಕೆಂಬುದು ಹೆಂಡ್ರಿಕ್‌ನ ಆಸೆ. ದೋಣಿ ಹೊರಟಿತು. ನೀರು ಇಳಿಯುತ್ತಿತ್ತು. ಇಳಿತದ ಹೊತ್ತಿನಲ್ಲಿ ಹಿನ್ನೀರು ತನ್ನ ಒಳಗನ್ನೆಲ್ಲ ಹೊರಗೆ ಹಾಕುತ್ತದೆ. ಕಪ್ಪು ಕೆಸರು, ಕೆಸರಲ್ಲಿ ಹೂತ ಪ್ಲಾಸ್ಟಿಕ್ಕು, ಸತ್ತ ಏಡಿ, ದನದ ಸಗಣಿ. ಹುಟ್ಟಿದಾಗಿನಿಂದ ಮೂಗಿನಲ್ಲಿದ್ದ ಈ ವಾಸನೆ ಅವನಿಗೆ ಒಂದು ಕಾಲಕ್ಕೆ ಅನ್ನದ ವಾಸನೆಯಾಗಿತ್ತು. ಹೆಂಗಸರು ಬರಿ ಮಂಡಿಗೆ ರಬ್ಬರು ಕಟ್ಟಿಕೊಂಡು ಚಿಪ್ಪು ಅಗೆಯುತ್ತಿದ್ದರು. ದೂರದಲ್ಲಿ ಬಾಗಿದ ಕೊಕ್ಕಿನ ಕರ್ವಾನ್ ಹಕ್ಕಿಗಳು ನಿಂತಿದ್ದವು, ದೊಡ್ಡವು, ಎಲ್ಲ ಕಡೆಯೂ ಇರುವಂಥವು. ಅವನ ಅಜ್ಜನ ಕಾಲಕ್ಕೆ ದೊಡ್ಡದು ಸಣ್ಣದು ಎಂಬ ಭೇದವೇ ಇರಲಿಲ್ಲ, ಎಲ್ಲವೂ ಕರ್ವಾನ್, ಎಲ್ಲವೂ ಮಾಂಸ. ಚಳಿ ಬಿದ್ದೊಡನೆ ಆಕಾಶದಲ್ಲಿ ಸಾಲಾಗಿ ಬರುತ್ತಿದ್ದವಂತೆ, ಅಜ್ಜ ಗೋಣಿಚೀಲ ಕೊಡವಿ ಇಡುತ್ತಿದ್ದನಂತೆ. ಭೇದ ಕಲಿಸಿದವರು ಹೊರಗಿನವರು. ಶಾಮಾ ಹುಟ್ಟಿದ ಚಳಿಗಾಲದಲ್ಲಿ ಅವರು ಹತ್ತು ಹದಿನೈದು ಜನ ಬಂದು, ಒಂದೇ ಒಂದು ಸಣ್ಣ ಕೊಕ್ಕಿನದು ಉಳಿದಿದೆ, ಅದು ನಿಮ್ಮ ಹಿನ್ನೀರಿನಲ್ಲಿದೆ ಎಂದು ಅವನ ಕೈಗೆ ಒಂದು ಚಿತ್ರ ಕೊಟ್ಟರು. ಬಿಳಿಯ ಎದೆ, ಪಕ್ಕೆಯ ಮೇಲೆ ಹೃದಯದ ಆಕಾರದ ಕಪ್ಪು ಚುಕ್ಕೆಗಳು, ತುದಿಗೆ ಹೋಗುತ್ತ ಸೂಜಿಯಷ್ಟು ಸಣ್ಣಗಾಗುವ ಕೊಕ್ಕು. ಅವನು ಮೂರು ವಾರ ಆ ಹಕ್ಕಿಯನ್ನು ಬಂದವರಿಗೆಲ್ಲ ತೋರಿಸಿದ. ಅದು ದೊಡ್ಡವುಗಳ ನಡುವೆ ಬಡ ನೆಂಟನಂತೆ ತಿರುಗುತ್ತಿತ್ತು. ಬೆಳಿಗ್ಗೆ ಅವರನ್ನು ಹಕ್ಕಿ ತೋರಿಸಲು ಕರೆದೊಯ್ಯುವುದು, ಮಧ್ಯಾಹ್ನ ಬೇಟೆಯವರ ಜೊತೆ ಜವುಗಿಗೆ ಹೋಗುವುದು. ಎರಡೂ ಅವನದೇ ಕೆಲಸ. ಬೇಟೆಯವರು ಹೊಡೆದದ್ದರಲ್ಲಿ ಬೇಡವಾದದ್ದು ಹಿಂದೆ ಓಡುವವರಿಗೆ ಸಿಗುತ್ತಿತ್ತು. ಪ್ರಾಣ ಹೋಗುವ ಮೊದಲೇ ಓಡಿಹೋಗಿ, ನಮಾಜಿನ ದಿಕ್ಕಾದ ಕಿಬ್ಲಾದ ಕಡೆ ತಿರುಗಿಸಿ, ಬಿಸ್ಮಿಲ್ಲಾ ಎಂದು ಕುತ್ತಿಗೆಗೆ ಚೂರಿ ಹಾಕಬೇಕು; ತಡವಾದರೆ ಅದು ಹೆಣ, ತಿನ್ನುವಂತಿಲ್ಲ. ಜಿಲಾಲಿಯ ಕಾಲು ಚುರುಕು. ಅವನು ಓಡಿ ತಡವಾದದ್ದೇ ಇಲ್ಲ ಎಂದು ಬೇಟೆಯವರೂ ಹೊಗಳುತ್ತಿದ್ದರು.

ಹೆಂಡ್ರಿಕ್ ಫ್ರೆಂಚಿನಲ್ಲಿ ಏನೋ ಹೇಳುತ್ತಿದ್ದ. ಜಿಲಾಲಿಗೆ ಆ ಭಾಷೆ ಮಾತಾಡಲು ಬರುವುದು ದೋಣಿಗೆ ಬೇಕಾದಷ್ಟು: ಎಡಕ್ಕೆ, ಬಲಕ್ಕೆ, ತಗ್ಗಿ ಕೂರಿ, ನಾಳೆ. ಆದರೆ ಮೂವತ್ತು ವರ್ಷ ಕೇಳಿ ಕೇಳಿ, ಬಹುಪಾಲು ತಿಳಿಯುತ್ತಿತ್ತು. ಇದು ಶಾಮಾಳಿಗೂ ಗೊತ್ತು. ಆದರೂ ಅವಳು ಪ್ರತಿ ಮಾತನ್ನೂ ಅನುವಾದ ಮಾಡಿ ಹೇಳುತ್ತಿದ್ದಳು, ಅವಳಿಗೆ ಅದೊಂದು ಸಂಭ್ರಮ.

"ಬಾಬಾ, ಹಕ್ಕಿ ಬೇಸಿಗೆ ಕಳೀತಿದ್ದ ಜಾಗಕ್ಕೆ ಇವನು ಹೋಗಿದ್ನಂತೆ. ಆ ತುದೀಲಿ, ಹಿಮದ ದೇಶದ ಜವುಗು. ಎರಡು ಬೇಸಿಗೆ ಹುಡುಕಿದ್ನಂತೆ. ಸೊಳ್ಳೆ ಬಿಟ್ರೆ ಏನೂ ಸಿಗ್ಲಿಲ್ವಂತೆ."

"ಹೂಂ."

"ಅಲ್ಲಿಂದ ಹೊರಟು, ಹುಲ್ಲುಗಾಡು, ಸಮುದ್ರ, ಗ್ರೀಸು, ಇಟಲಿ, ಎಲ್ಲ ದಾಟ್ಕೊಂಡು ನಮ್ಮನೆ ಮುಂದೆ ಬಂದು ಇಳೀತಿತ್ತು. ದಾರೀಲಿ ಎಲ್ರೂ ಬಂದೂಕು ಹಿಡ್ಕೊಂಡು ನಿಂತಿದ್ರು, ನಿನ್ನ ಹತ್ರ ಬಂದ್ಮೇಲೇ ಅದು ನೆಮ್ಮದಿಯಾಗಿ ಇದ್ದಿದ್ದು ಅಂತಿದಾನೆ."

ಜಿಲಾಲಿ ಮೋಟಾರಿನ ಕಡೆ ಬಗ್ಗಿದ. ಅದರಲ್ಲಿ ಏನೂ ಕೆಟ್ಟಿರಲಿಲ್ಲ. ಆ ಐದು ಚಳಿಗಾಲ ನೆನಪಾಯಿತು. ಇದೇ ಹಲಗೆಯ ಮೇಲೆ ಹೆಂಡ್ರಿಕ್ ದುರ್ಬೀನು ಕಣ್ಣಿಗೆ ಒತ್ತಿಕೊಂಡು, ಒಂದೊಂದೇ ಕರ್ವಾನನ್ನು ಎಣಿಸುತ್ತ, ಪ್ರತಿಯೊಂದರ ಕೊಕ್ಕನ್ನೂ ನೋಡುತ್ತ ಕೂರುತ್ತಿದ್ದ. ಸಂಜೆ ಸೋತು ದುರ್ಬೀನು ಇಳಿಸಿದಾಗ ಕಣ್ಣಿನ ಸುತ್ತ ಕೆಂಪು ಬಳೆಗಳಾಗಿರುತ್ತಿದ್ದವು. ಆ ಬಳೆಗಳನ್ನು ನೋಡುವಾಗ ಜಿಲಾಲಿಗೆ ಮರುಕ ಬರಬೇಕಿತ್ತು. ಬರುತ್ತಿದ್ದದ್ದು ಸಿಟ್ಟು. ಹೋಗೋ ಮಾರಾಯ, ಮನೆಗೆ ಹೋಗು, ನಿನ್ನ ಮೂಗೊರೆಸಿಕೋ ಎಂದು ಮನಸ್ಸಿನಲ್ಲೇ ಬೈಯುತ್ತ, ಬಾಯಲ್ಲಿ "ನಾಳೆ" ಎನ್ನುತ್ತಿದ್ದ. ಒಮ್ಮೆ ಹೆಂಡ್ರಿಕ್ ಆ "ನಾಳೆ" ಕೇಳಿ ಎಷ್ಟು ಕೃತಜ್ಞತೆಯಿಂದ ನೋಡಿದನೆಂದರೆ, ಜಿಲಾಲಿ ಮನೆಗೆ ಹೋಗಿ ಗೋಡೆಯ ಹಿಂದೆ ನಿಂತು ವಾಂತಿ ಮಾಡಿದ್ದ. ಮಹ್ಜೂಬಾ ಹಳಸಿದ ಮೀನು ಎಂದು ಅಂಗಡಿಯವನಿಗೆ ಶಾಪ ಹಾಕಿದ್ದಳು.

ಮರಳದಿಬ್ಬದ ಹತ್ತಿರ ಅವನು ಮೋಟಾರು ನಿಲ್ಲಿಸಿದ. "ಇಲ್ಲೇ" ಎಂದ. ಅಲ್ಲಿ ನೋಡುವಂಥದ್ದು ಏನೂ ಇರಲಿಲ್ಲ. ಉಪ್ಪುಗಿಡಗಳ ಒಂದು ಪೊದೆ, ಹಳೆಯ ಹಗ್ಗ, ನೊಣ. ಹೆಂಡ್ರಿಕ್ ಟೋಪಿ ತೆಗೆದ. ನಿಧಾನವಾಗಿ ಮಾತಾಡಿದ.

ಶಾಮಾ ಅಪ್ಪನ ತೋಳು ಹಿಡಿದಳು. "ಬಾಬಾ, ಜೀವಮಾನದಲ್ಲಿ ಇವನು ಹೊಟ್ಟೆಕಿಚ್ಚು ಪಟ್ಟಿದ್ದು ನಿನ್ನೊಬ್ಬನ ಮೇಲೇನಂತೆ. ಅದನ್ನ ನೋಡಿದ ಕಣ್ಣು ಇದು ಅಂತ ನಿನ್ನನ್ನ ನೋಡೋಕೇ ಬಂದಿದ್ದಂತೆ."

ಹೆಂಡ್ರಿಕ್ ಬಗ್ಗಿ ಜಿಲಾಲಿಯ ಬಲಗೈಯನ್ನು ತನ್ನ ಎರಡೂ ಕೈಯಲ್ಲಿ ತೆಗೆದುಕೊಂಡು ಕಣ್ಣಿಗೆ ಒತ್ತಿಕೊಂಡ. ಒದ್ದೆ ರೆಪ್ಪೆಗಳು ಬೆರಳಿನ ಮೇಲೆ ಹೊರಳಿದವು. ಆ ಕೈ. ಆವತ್ತು ಬೇಟೆಯವನು ಬೇರೇನಕ್ಕೋ ಗುರಿಯಿಟ್ಟಿದ್ದ. ಗುಂಡಿನ ಚೂರು ಈ ಹಕ್ಕಿಗೆ ತಾಗಿತು. ಅವನು ನೋಡಿ, ಬರೀ ಕರ್ವಾನು, ನೀನೇ ತಗೋ ಎಂದು ಕೈಬೀಸಿ ಮುಂದೆ ನಡೆದ. ಜಿಲಾಲಿ ಓಡಿದ. ತಲೆಯಲ್ಲಿ ಇದ್ದದ್ದು ಮನೆ. ಆ ಚಳಿಗಾಲ ರೋಗ ಬಂದು ಊರಿನಲ್ಲಿ ಒಂದು ಕೋಳಿ ಉಳಿದಿರಲಿಲ್ಲ, ಹೆಂಡತಿ ಹೆತ್ತು ಎರಡು ದಿನ, ಎದೆಯಲ್ಲಿ ಹಾಲಿಲ್ಲ, ಕೂಸು ಕಿರುಚಿ ಕಿರುಚಿ ನೀಲಿಯಾಗುತ್ತಿದೆ, ರ್ಫೀಸಾಕ್ಕೆ ಹಕ್ಕಿ ತರದಿದ್ದರೆ ಗಂಡಸೇನೋ ನೀನು ಎಂದು ಅವ್ವ ಬೆಳಿಗ್ಗೆಯೇ ಅಂದಿದ್ದಾಳೆ. ಹಕ್ಕಿಯನ್ನು ಹಿಡಿದ. ರೆಕ್ಕೆಯ ತುದಿಗೆ ಮಾತ್ರ ಏಟು. ಬದುಕುವ ಹಕ್ಕಿ. ಬಿಸ್ಮಿಲ್ಲಾ ಎಂದ. ಎಂದ ಮೇಲೆ ಪಕ್ಕೆಯ ಚುಕ್ಕೆಗಳನ್ನು ಕಂಡ. ಚಿತ್ರದಲ್ಲಿದ್ದ ಹಾಗೇ, ಒಂದೊಂದೂ. ಅದು ಕೊರಳೆತ್ತಿ ಅವನನ್ನು ನೋಡಿತು, ಕೂಗಿತು. ದೇವರ ಹೆಸರು ಹೇಳಿ ಆದ ಮೇಲೆ ಚೂರಿ ಹಿಂದಕ್ಕೆ ತೆಗೆಯುವಂತಿಲ್ಲ ಎಂದು ಆ ಕ್ಷಣ ಅವನು ನಂಬಿದ. ಅಥವಾ ನಂಬಿದೆ ಎಂದು ಆಮೇಲೆ ತನಗೇ ಹೇಳಿಕೊಂಡ. ಏಳೆಂಟು ವರ್ಷದ ನಂತರ ಮಸೀದಿಯಲ್ಲಿ ಧರ್ಮ ಬಲ್ಲ ಫಕೀಹರನ್ನು, ಯಾರದೋ ಕುರಿಯ ಮಾತು ಎಂಬಂತೆ, ಕೇಳಿದ್ದ: ಬಿಸ್ಮಿಲ್ಲಾ ಅಂದ ಮೇಲೆ ಕುಯ್ಯೋದು ಬೇಡ ಅನ್ನಿಸಿದರೆ? ಅವರು ನಕ್ಕುಬಿಟ್ಟರು. "ಬಿಟ್ಟುಬಿಡೋದು. ಕುರಿಗೂ ಖುಷಿ, ನಿನಗೂ ಸುಲಭ. ಅದಕ್ಕೇನು ಪಾಪ?" 

ಅವನು ಕೈ ಕಿತ್ತುಕೊಂಡ. ಸ್ವಲ್ಪ ಜೋರಾಗಿಯೇ ಕಿತ್ತುಕೊಂಡ.

"ಶಾಮಾ, ಇವನಿಗೆ ಹೇಳು. ಆ ಹಕ್ಕಿ ಎಲ್ಲೂ ಹೋಗಲಿಲ್ಲ. ನಾನೇ ಕುಯ್ದೆ."

ಮಗಳು ಅರ್ಧ ನಗು ಹೊತ್ತು ತಿರುಗಿದಳು. "ಏನು ಕುಯ್ದೆ?"

"ಅದನ್ನೇ. ಇಲ್ಲೇ ಹಿಂದೆ, ಜವುಗಲ್ಲಿ. ರೆಕ್ಕೆಗೆ ಸ್ವಲ್ಪ ಏಟಾಗಿತ್ತು, ಅಷ್ಟೇ. ಬದುಕ್ತಿತ್ತು. ಮನೆಗೆ ತಗೊಂಡೋದೆ. ನಿಮ್ಮಜ್ಜಿ ಮೆಂತ್ಯ ಹಾಕಿ ಬೇಯಿಸಿದಳು, ನಿಮ್ಮಮ್ಮ ತಿಂದಳು. ನೀನು ಹುಟ್ಟಿ ಮೂರನೇ ದಿನ."

"ಬಾಬಾ."

"ಊರಲ್ಲಿ ಒಂದು ಕೋಳಿ ಇರಲಿಲ್ಲ ಕಣೇ. ನಿನಗೆ ಹಾಲಿರಲಿಲ್ಲ."

"ಗೊತ್ತಿರ್ಲಿಲ್ಲ ನಿನಗೆ. ಯಾವ ಹಕ್ಕಿ ಅಂತ ಗೊತ್ತಿರ್ಲಿಲ್ಲ, ಅಲ್ವಾ?"

ಅವಳು ಕೇಳುತ್ತಿರಲಿಲ್ಲ, ಬೇಡುತ್ತಿದ್ದಳು. ಇಲ್ಲ ಎಂದುಬಿಡುವುದು ಎಷ್ಟು ಸುಲಭವಾಗಿತ್ತು.

"ಗೊತ್ತಿತ್ತು" ಎಂದ. "ಇವನು ಐದು ವರ್ಷ ಹುಡುಕುವಾಗಲೂ ಗೊತ್ತಿತ್ತು. ಹೇಳು ಇವನಿಗೆ. ಆ ಫಲಕ ನಿಲ್ಲಿಸೋಕೆ ಮುಂಚೆ ಹೇಳಿಬಿಡು. ನನಗೆ ಆ ಭಾಷೇಲಿ ಇದನ್ನ ಹೇಳೋಕೆ ಬರಲ್ಲ."

ಶಾಮಾ ಬಾಯಿಯನ್ನು ಅಂಗೈಯಿಂದ ಒರೆಸಿಕೊಂಡಳು, ಎರಡು ಸಲ. ಅವಳ ಮುಖ ಹಿಟ್ಟಿನಂತೆ ಬಿಳಿಚಿತು. ಹೆಂಡ್ರಿಕ್ ಟೋಪಿ ಹಿಡಿದು ಅಪ್ಪನನ್ನೂ ಮಗಳನ್ನೂ ನೋಡಿದ, ಏನೆನ್ನುತ್ತಿದ್ದಾನೆ ಎಂದು ಮೆಲ್ಲಗೆ ಕೇಳಿದ. ಜಿಲಾಲಿಗೆ ಮೂವತ್ತು ವರ್ಷದಲ್ಲಿ ಮೊದಲ ಸಲ ಮೂಗು ತೆರೆದುಕೊಂಡಂತೆ ಆಯಿತು, ಬರೀ ಉಪ್ಪಿನ ಗಾಳಿ ಒಳಗೆ ಬಂತು. ಇನ್ನು ಉಗಿಯಲಿ, ಹೊಡೆಯಲಿ, ಊರಿಗೆಲ್ಲ ಸಾರಲಿ. ಅವನು ಕಾದ.

ಶಾಮಾ ಹೆಂಡ್ರಿಕ್‌ನ ಕಡೆ ತಿರುಗಿದಳು. ಮಕ್ಕಳಿಗೆ ಪಾಠ ಹೇಳುವ ದನಿಯಲ್ಲಿ, ಬಿಡಿಸಿ ಬಿಡಿಸಿ ಹೇಳಿದಳು. ಜಿಲಾಲಿಗೆ ಒಂದೊಂದು ಮಾತೂ ತಿಳಿಯಿತು. ಅಪ್ಪನಿಗೆ ದುಃಖವಾಗಿದೆ, ಅದಕ್ಕೆ ಮಾತು ಗಡುಸಾಯಿತು, ಕ್ಷಮಿಸಬೇಕು. ಆ ದಿನದ್ದು ಅವರು ಇದುವರೆಗೆ ಯಾರಿಗೂ ಹೇಳಿಲ್ಲ. ಹಕ್ಕಿ ಇಲ್ಲಿಂದ ಎದ್ದಿತು. ದೋಣಿಯ ಮೇಲೆ ಒಂದು ಸುತ್ತು ಹಾಕಿತು. ಆಮೇಲೆ ಉತ್ತರಕ್ಕೆ ಹೋಯಿತು, ಒಂಟಿಯಾಗಿ, ಬಹಳ ಎತ್ತರದಲ್ಲಿ.

ಹೆಂಡ್ರಿಕ್ ಉತ್ತರದ ಕಡೆ ತಲೆಯೆತ್ತಿದ. ಅಲ್ಲಿ ಏನೂ ಇರಲಿಲ್ಲ, ಆದರೂ ಅವನು ನೋಡಿದ. ನೋಡುತ್ತ ಮುಖದ ಸುಕ್ಕೆಲ್ಲ ಸಡಿಲಿತು. ಇನ್ನೇನೋ ಕೇಳಿದ.

ಶಾಮಾ ಅಪ್ಪನನ್ನು ನೋಡದೆ, ಹಲಗೆಯನ್ನು ನೋಡುತ್ತ ಅಂದಳು: "ಹೋಗೋವಾಗ ಕೂಗ್ತಾ ಅಂತ ಕೇಳ್ತಿದಾನೆ."

"ಕೂಗ್ತು. ನನ್ನ ಕೈಯಲ್ಲಿ."

"ಕೂಗಿತಂತೆ" ಎಂದು ಅವಳು ಫ್ರೆಂಚಿನಲ್ಲಿ ಹೇಳಿದಳು.

ಈಗ ಹೇಳಬಹುದಿತ್ತು. ಕುತ್ತಿಗೆಯ ಮೇಲೆ ಬೆರಳು ಎಳೆದು ತೋರಿಸಿದ್ದರೂ ಸಾಕಿತ್ತು, ಅದಕ್ಕೆ ಭಾಷೆ ಬೇಕಿರಲಿಲ್ಲ. ಅವನು ಕೈಗಳನ್ನು ಮಂಡಿಯ ನಡುವೆ ಸಿಕ್ಕಿಸಿಕೊಂಡು ಕೂತ. ಹೆಂಡ್ರಿಕ್ ಕಣ್ಣೊರೆಸಿಕೊಂಡು, ಬೆನ್ನುಚೀಲದಿಂದ ಬೇಯಿಸಿದ ಮೊಟ್ಟೆ ತೆಗೆದು, ಹಲಗೆಗೆ ಕುಟ್ಟಿ, ಸಿಪ್ಪೆ ಸುಲಿದು, ಬಹಳ ದಿನದ ಹಸಿವಿನವನಂತೆ ತಿಂದ. ಗಡ್ಡದಲ್ಲಿ ಹಳದಿಯ ಪುಡಿ ಸಿಕ್ಕಿಕೊಂಡಿತು. ಎರಡನೆಯದನ್ನು ಜಿಲಾಲಿಗೆ ಕೊಟ್ಟ. ಅದನ್ನು ಜಿಲಾಲಿ ತಿಂದ. ಒಣಗಿದ ಬಾಯಲ್ಲಿ ಅದು ಒಳಗೂ ಹೋಗದೆ ಹೊರಗೂ ಬರದೆ ತಿರುಗುತ್ತಿತ್ತು.

ಕಟ್ಟೆಯಲ್ಲಿ ಇಳಿದೊಡನೆ ಹೆಂಡ್ರಿಕ್ ಹಗುರವಾಗಿ ಮೆಟ್ಟಿಲು ಹತ್ತಿಹೋದ. ಮೇಲೆ ಫಲಕಕ್ಕೆ ಬಟ್ಟೆ ಹೊದಿಸುತ್ತಿದ್ದರು, ಮಸೀದಿಯಿಂದ ಬಾಂಗು ಶುರುವಾಗಿತ್ತು. ಜಿಲಾಲಿ ಹಗ್ಗ ಕಟ್ಟಿ ನೆಟ್ಟಗಾಗುವಾಗ ಶಾಮಾ ದಾರಿಗೆ ಅಡ್ಡ ನಿಂತಿದ್ದಳು.

"ಅಮ್ಮಂಗೆ ಗೊತ್ತಾ?"

"ಇಲ್ಲ."

"ಗೊತ್ತಾಗಬಾರದು. ಇನ್ಯಾರಿಗೂ ಅಷ್ಟೇ." ಅವಳ ದನಿಯಲ್ಲಿ ನಡುಕವಿರಲಿಲ್ಲ. ಅದೇ ಅವನಿಗೆ ಎಲ್ಲಕ್ಕಿಂತ ಹೇಸಿಗೆ ತಂದದ್ದು. ಎಷ್ಟು ಸಲೀಸಾಗಿ ಬಂದುಬಿಟ್ಟಿತ್ತು ಅವಳಿಗೆ ಸುಳ್ಳು, ಒಂದು ಕ್ಷಣವೂ ತಡವರಿಸದೆ. "ಅಲ್ಲಿ ನಿಂತು ಏನು ಹೇಳ್ತೀಯ?"

ಅವನು ಹಗ್ಗದ ಗಂಟನ್ನು ಮತ್ತೊಮ್ಮೆ ಬಿಗಿದ.

"ನಾನು ಅವನಿಗೆ ಹೇಳಿದ್ದಕ್ಕೂ ನೀನು ಹೇಳೋದಕ್ಕೂ ವ್ಯತ್ಯಾಸ ಬರಬಾರದು ಬಾಬಾ. ನನ್ನ ಶಾಲೆ ಮಕ್ಕಳೆಲ್ಲ ಮುಂದೆ ಕೂತಿರ್ತವೆ. ಹೇಳು. ಒಂದು ಸುತ್ತು ಹಾಕ್ತು."

"ಒಂದು ಸುತ್ತು ಹಾಕ್ತು" ಎಂದ ಅವನು, ನೀರನ್ನು ನೋಡುತ್ತ.

"ಉತ್ತರಕ್ಕೆ ಹೋಯ್ತು."

"ಉತ್ತರಕ್ಕೆ ಹೋಯ್ತು."

"ಹಾಗಲ್ಲ" ಎಂದಳು ಶಾಮಾ. "ನನ್ನ ಮುಖ ನೋಡಿ ಹೇಳು."

ಅವನು ತಲೆಯೆತ್ತಿದ, ಮಗಳ ಮುಖ ನೋಡಿ ಹೇಳಿದ.